ಇಂಟರ್‌ಪ್ರಿಟರ್ ಬದಲಾಯಿತು, ಪ್ರೋಗ್ರಾಂ ನಿಧಾನವಾಯಿತು

ಪೈಥಾನ್ ಒಂದೇ ಭಾಷೆಯಾದರೂ ಅದನ್ನು ಓಡಿಸುವ ಇಂಟರ್‌ಪ್ರಿಟರ್‌ಗಳು ಹಲವು. ಹೆಚ್ಚಿನವರು ಬಳಸುವುದು ಸಿ ಭಾಷೆಯಲ್ಲಿ ಬರೆದ ಸಿಪೈಥಾನ್. ಪೈಪೈ ಇನ್ನೊಂದು. ಪ್ರೋಗ್ರಾಂ ಓಡುತ್ತಿರುವಾಗಲೇ, ಮತ್ತೆ ಮತ್ತೆ ಸುತ್ತುವ ಲೂಪುಗಳನ್ನು ಗುರುತಿಸಿ ಯಂತ್ರಭಾಷೆಗೆ ಇಳಿಸುವ ಜಿಟ್ ಕಂಪೈಲರ್ ಅದರ ಜೀವಾಳ. ಬರೀ ಲೆಕ್ಕಾಚಾರದ ಕೋಡು ಅಲ್ಲಿ ಹಲವು ಪಟ್ಟು ವೇಗವಾಗಿ ಓಡುವುದನ್ನು ನಾನು ಕಂಡಿದ್ದೆ. ಹಾಗಾಗಿ, ಸರ್ವರ್ ಲಾಗುಗಳನ್ನು ಓದಿ ವರದಿ ತಯಾರಿಸುವ ನಮ್ಮ ಪ್ರೋಗ್ರಾಂ ಪೈಪೈಯಲ್ಲಿ ಮೊದಲಿಗಿಂತ ನಿಧಾನವಾದಾಗ, ಕಾರಣ ತಿಳಿಯದೆ ಕೈಬಿಡಲು ಮನಸ್ಸಾಗಲಿಲ್ಲ.

ಮೊದಲು ನೋಡಿದ್ದು ಅಳತೆಯ ಕ್ರಮವನ್ನು. ಪುಟ್ಟ ಫೈಲು ಕೊಟ್ಟು ಪರೀಕ್ಷಿಸಿದರೆ ಜಿಟ್ ಎಚ್ಚರಗೊಳ್ಳುವ ಹೊತ್ತಿಗೆ ಕೆಲಸವೇ ಮುಗಿದಿರುತ್ತದೆ. ನಾವು ಸೆಟ್ಟಿಂಗ್ ಮುಟ್ಟದಿದ್ದರೆ ಒಂದು ಲೂಪು 1039 ಸಲ ಸುತ್ತುವವರೆಗೆ ಪೈಪೈ ಅದನ್ನು ಕಂಪೈಲ್ ಮಾಡಲು ಹೊರಡುವುದಿಲ್ಲ. ಅಲ್ಲಿಯತನಕ ಓಡುವ ಅದರ ಬರಿಯ ಇಂಟರ್‌ಪ್ರಿಟರ್ ಸಿಪೈಥಾನಿಗಿಂತ ನಿಧಾನ. ಇಡೀ ದಿನದ ಲಾಗು ಕೊಟ್ಟೆವು. ಸ್ವಲ್ಪ ಸುಧಾರಿಸಿತು, ಸಾಲದು.

ಇನ್ನು ಪ್ರೊಫೈಲರ್. ಪ್ರತಿ ಸಾಲನ್ನೂ ಹಿಂಬಾಲಿಸುವ ಸಾಧನ ಹಚ್ಚಿದರೆ ಜಿಟ್‌ನ ಲಾಭವೇ ಹೋಗಿ, ನಾವು ಅಳೆಯುವುದು ಬೇರೆಯದೇ ಪ್ರೋಗ್ರಾಂ ಆಗಿಬಿಡುತ್ತದೆ. ಆಗಾಗ ಇಣುಕಿ ಎಲ್ಲಿ ಕೆಲಸ ನಡೆದಿದೆ ಎಂದಷ್ಟೇ ಗುರುತಿಟ್ಟುಕೊಳ್ಳುವ ವಿಎಂಪ್ರೊಫ್ ಇಲ್ಲಿ ನಂಬಿಕೆಗೆ ಅರ್ಹ. ಅದು ಎರಡು ಜಾಗ ತೋರಿಸಿತು.

ಒಂದು, ವರದಿಯ ಪಠ್ಯವನ್ನು ಲೂಪಿನೊಳಗೆ ಪ್ಲಸ್-ಈಕ್ವಲ್ಸ್ ಹಾಕಿ ಬೆಳೆಸುತ್ತಿದ್ದ ಸಾಲು. ಒಂದು ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆ ಸಿಪೈಥಾನಿನ ಬಳಿ ಸದಾ ಇರುತ್ತದೆ. ಸ್ಟ್ರಿಂಗನ್ನು ಹಿಡಿದವರು ಒಬ್ಬರೇ ಎಂದಾದರೆ ಅದು ಎಷ್ಟೋ ಸಲ ನಕಲು ಮಾಡದೆ ಇದ್ದಲ್ಲೇ ಹಿಗ್ಗಿಸುತ್ತದೆ. ಪೈಪೈ ಆ ಎಣಿಕೆ ಇಡುವುದಿಲ್ಲ. ಗಾರ್ಬೇಜ್ ಕಲೆಕ್ಟರ್ ಬೇರೆ ಬಗೆಯದು. ಆದ್ದರಿಂದ ಪ್ರತಿ ಸುತ್ತಿನಲ್ಲೂ ಅಲ್ಲಿಯವರೆಗಿನ ಇಡೀ ಪಠ್ಯ ನಕಲಾಗುತ್ತಿತ್ತು. ವರದಿ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ತುಣುಕುಗಳನ್ನು ಲಿಸ್ಟಿಗೆ ಹಾಕಿ ಕೊನೆಗೊಮ್ಮೆ ಜಾಯಿನ್ ಮಾಡಿದ್ದೇ ತಡ, ಆ ಸಾಲು ಪ್ರೊಫೈಲಿನಿಂದ ಮಾಯವಾಯಿತು. ಭಾಷೆಯ ಗುಣವೆಂದು ನಾವೆಲ್ಲ ನಂಬುವ ಎಷ್ಟೋ ಸಂಗತಿಗಳು ಹೀಗೆ ಒಂದು ಇಂಟರ್‌ಪ್ರಿಟರಿನ ಔದಾರ್ಯ ಮಾತ್ರ.

ಎರಡನೆಯದು ಎಕ್ಸ್‌ಎಂಎಲ್ ತುಣುಕುಗಳನ್ನು ಬಿಡಿಸುತ್ತಿದ್ದ, ಸಿಯಲ್ಲಿ ಬರೆದ ಲೈಬ್ರರಿ. ಇಂಥವನ್ನು ಪೈಪೈ ಸಿಪೈಎಕ್ಸ್ಟ್ ಎಂಬ ಪದರದ ಮೂಲಕ ಓಡಿಸುತ್ತದೆ. ಗಡಿ ದಾಟುವ ವಸ್ತುಗಳಿಗೆ ಸಿಪೈಥಾನ್ ಮಾದರಿಯ ಇನ್ನೊಂದು ರೂಪ ಕಟ್ಟಿ, ಎಣಿಕೆಯನ್ನೂ ಸಾಕಬೇಕು. ಚೆಕ್‌ಪೋಸ್ಟಿನಲ್ಲಿ ಪ್ರತಿ ಲಾರಿಯ ಸರಕನ್ನೂ ಇಳಿಸಿ ಮತ್ತೆ ಹೇರಿದ ಹಾಗೆ. ಒಂದು ಸಲ ದಾಟಿ ಆಚೆ ದೀರ್ಘಕಾಲ ದುಡಿಯುವ ಲೈಬ್ರರಿಗೆ ಇದು ಹೊರೆಯಲ್ಲ. ನಮ್ಮದು ಪ್ರತಿ ದಾಖಲೆಗೂ ಹತ್ತಾರು ಸಲ ದಾಟುತ್ತಿತ್ತು. ಜಿಟ್‌ಗೆ ಆ ಸಿ ಕೋಡಿನ ಒಳಗೆ ಇಣುಕಲೂ ಆಗದು. ಪೈಥಾನಿನ ಜೊತೆಗೇ ಬರುವ ಎಲಿಮೆಂಟ್‌ಟ್ರೀಗೆ ಬದಲಾಯಿಸಿದೆವು. ಸಿಪೈಥಾನಿನಲ್ಲಿ ಈ ಬದಲಾವಣೆಯನ್ನು ಯಾರಿಗೂ ಸಲಹೆ ಮಾಡಲಾರೆ. ಇಲ್ಲಿ ಅದು ಗೆದ್ದಿತು. ಸಿ ಕೋಡು ಬೇಕೇ ಬೇಕಾದ ಇನ್ನೊಂದು ಕಡೆ ಸಿಎಫ್‌ಎಫ್‌ಐ ಬಳಸಿದೆವು. ಪೈಪೈಗಾಗಿ ದುಡಿದ ಆರ್ಮಿನ್ ರಿಗೋ ಮೊದಲಾದವರೇ ರೂಪಿಸಿದ್ದು ಅದು. ಜಿಟ್ ಅದರ ಕರೆಗಳನ್ನು ಅರ್ಥಮಾಡಿಕೊಳ್ಳುತ್ತದೆ.

ಈಗ ವರದಿಯ ಪ್ರೋಗ್ರಾಂ ಪೈಪೈಯಲ್ಲೇ ಓಡುತ್ತಿದೆ, ಹಿಂದಿಗಿಂತ ಚುರುಕಾಗಿ. ಕ್ಷಣಾರ್ಧದಲ್ಲಿ ಮುಗಿಯುವ ಸಣ್ಣ ಸ್ಕ್ರಿಪ್ಟುಗಳನ್ನು ಸಿಪೈಥಾನಿನಲ್ಲೇ ಬಿಟ್ಟಿದ್ದೇವೆ. ಹೊಸ ಲೈಬ್ರರಿ ಸೇರಿಸುವ ಮುನ್ನ ಅದರಲ್ಲಿ ಸಿ ಎಷ್ಟಿದೆ, ಗಡಿ ಎಷ್ಟು ಸಲ ದಾಟುತ್ತದೆ ಎಂದು ತಂಡದಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.