ಹನ್ನೆರಡನೆಯ ಇಯತ್ತೆಯ ಪ್ರಮಾಣಪತ್ರಕ್ಕೆ ಬೇಕಾಗುವ ವಿಷಯಗಳು

ಶಾಲಾಂತ ಪರೀಕ್ಷೆಯನ್ನು ಮುಗಿಸಿದ ವಿದ್ಯಾರ್ಥಿಗಳು ‘ಮುಂದೆ ಯಾವ ಕಾಲೇಜು?’ ಎಂದು ಕೇಳುವರು; ‘ಯಾವ ವಿಷಯಗಳು?’ ಎಂದು ಕೇಳುವವರು ವಿರಳ. ಮುಂಬಯಿಯ ಕನ್ನಡ ಶಾಲೆಗಳ ಮಕ್ಕಳಿಗಂತೂ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಇಲ್ಲಿಯವರೆಗೆ ಕನ್ನಡದಲ್ಲಿ ಕಲಿತ ಗಣಿತ, ವಿಜ್ಞಾನಗಳನ್ನು ಅವರು ಮುಂದೆ ಬಹುತೇಕ ಇಂಗ್ಲಿಷಿನಲ್ಲಿಯೇ ಓದಬೇಕಾಗುವುದು.

ಕೊಠಾರಿ ಆಯೋಗವು (1964-66) ಸೂಚಿಸಿದ 10+2+3 ಪದ್ಧತಿಯು ಮಹಾರಾಷ್ಟ್ರದಲ್ಲಿ 1970ರ ದಶಕದಲ್ಲಿ ಆಚರಣೆಗೆ ಬಂದಿತು. ಅದಕ್ಕೆ ಮೊದಲು ಹನ್ನೊಂದನೆಯ ಇಯತ್ತೆಯೇ ಶಾಲೆಯ ಕೊನೆಯ ಮೆಟ್ಟಿಲಾಗಿತ್ತು. ಈಗ ಹತ್ತರ ತರುವಾಯ ಎರಡು ವರ್ಷಗಳ ಅಭ್ಯಾಸಕ್ರಮವಿದ್ದು, ಅದರ ಪರೀಕ್ಷೆಯನ್ನು ರಾಜ್ಯ ಮಂಡಳಿಯು ನಡೆಸುತ್ತದೆ.

ಪ್ರಮಾಣಪತ್ರಕ್ಕೆ ತಲಾ 100 ಅಂಕಗಳ ಆರು ವಿಷಯಗಳು ಬೇಕು. ಅವುಗಳಲ್ಲಿ ಇಂಗ್ಲಿಷ್ ಕಡ್ಡಾಯ. ಎರಡನೆಯದು ಮತ್ತೊಂದು ಭಾಷೆ. ಅದರ ಬದಲಿಗೆ ಮಾಹಿತಿ ತಂತ್ರಜ್ಞಾನವನ್ನೂ ಆರಿಸಿಕೊಳ್ಳಬಹುದು. ಉಳಿದ ನಾಲ್ಕು ಐಚ್ಛಿಕ ವಿಷಯಗಳು. ಇವಲ್ಲದೆ ಪರಿಸರ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣಗಳಿಗೆ ಶ್ರೇಣಿ ದೊರೆಯುವುದು. ಪ್ರತಿ ವಿಷಯದಲ್ಲಿ ಉತ್ತೀರ್ಣರಾಗಲು 35 ಅಂಕಗಳು ಅವಶ್ಯ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಯೋಗಕ್ಕೆ 30 ಅಂಕಗಳಿರುವುದರಿಂದ ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಕೊನೆಯ ವಾರದಲ್ಲಿ ಬರೆದು ಮುಗಿಸುವೆನೆಂಬ ಭರವಸೆ ಸಲ್ಲದು.

ಎರಡನೆಯ ಭಾಷೆಯ ವಿಷಯದಲ್ಲಿ ತುಸು ನಿಂತು ಯೋಚಿಸಬೇಕು. ಮಂಡಳಿಯು ಒಪ್ಪಿದ ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ನಿಯಮದಲ್ಲಿರುವುದು ಬೇರೆ, ಕಾಲೇಜಿನಲ್ಲಿ ದೊರೆಯುವುದು ಬೇರೆ. ಕನ್ನಡ ಕಲಿಸುವ ಅಧ್ಯಾಪಕರುಳ್ಳ ಕಿರಿಯ ಮಹಾವಿದ್ಯಾಲಯಗಳು ಈ ನಗರದಲ್ಲಿ ಬಹಳ ಕಡಿಮೆ. ಹನ್ನೊಂದನೆಯ ಇಯತ್ತೆಯ ಪ್ರವೇಶವು ಆನ್‌ಲೈನ್ ಪದ್ಧತಿಯಲ್ಲಿ ನಡೆಯುವುದರಿಂದ, ಆದ್ಯತೆಯ ಪಟ್ಟಿಯನ್ನು ತುಂಬುವ ಮೊದಲೇ ಆ ಕಾಲೇಜಿಗೆ ಹೋಗಿ ವಿಚಾರಿಸುವುದು ಲೇಸು. ಹತ್ತು ವರ್ಷ ಓದಿ ಬರೆದ ಭಾಷೆಯು ವಿಚಾರಿಸದ ಕಾರಣದಿಂದ ಕೈಬಿಟ್ಟುಹೋಗುವುದು ವಿಷಾದದ ಸಂಗತಿ. ಅದರಲ್ಲಿ ದೊರೆಯಬಹುದಾಗಿದ್ದ ಅಂಕಗಳ ನಷ್ಟ ಬೇರೆ!

ಐಚ್ಛಿಕ ವಿಷಯಗಳಲ್ಲಿ ಗಣಿತವನ್ನು ಬಿಡುವವರು ಮುಂದಿನ ದಾರಿಯನ್ನು ನೋಡಿ ಬಿಡಬೇಕು. ಇಂಜಿನಿಯರಿಂಗ್ ಕಲಿಯಬೇಕೆಂಬವರಿಗೆ ಭೌತಶಾಸ್ತ್ರದೊಡನೆ ಗಣಿತವಿರಬೇಕು. ವೈದ್ಯಕೀಯವನ್ನು ಬಯಸುವವರಿಗೆ ಜೀವಶಾಸ್ತ್ರವಿಲ್ಲದೆ ಗತಿಯಿಲ್ಲ. ವಾಣಿಜ್ಯ ಶಾಖೆಯಲ್ಲಿ ಗಣಿತ ಇಲ್ಲವೆ ಸೆಕ್ರೆಟೇರಿಯಲ್ ಪ್ರ್ಯಾಕ್ಟಿಸ್ ಎಂಬ ಆಯ್ಕೆಯಿರುತ್ತದೆ. ಗೆಳೆಯನು ಆರಿಸಿದನೆಂದು ತಾನೂ ಆರಿಸುವವರ ಸಂಖ್ಯೆ ಸಣ್ಣದಲ್ಲ.

ಹಾಜರಿಯ ಮಾತೂ ಇದೆ. ನೂರಕ್ಕೆ 75 ದಿನ ತರಗತಿಯಲ್ಲಿರಬೇಕೆಂಬುದು ನಿಯಮ. ಖಾಸಗಿ ತರಗತಿಗಳ ಹಾಜರಿ ಈ ಲೆಕ್ಕಕ್ಕೆ ಬಾರದು. ಉದ್ಯೋಗದ ಕಾರಣದಿಂದ ಕಾಲೇಜಿಗೆ ಹೋಗಲಾರದವರು 17ನೆಯ ನಮೂನೆಯ ಅರ್ಜಿಯನ್ನು ತುಂಬಿ ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆಗೆ ಕೂಡ್ರಬಹುದು. ಆ ಅರ್ಜಿಯ ಕೊನೆಯ ದಿನಾಂಕವನ್ನು ಮಂಡಳಿಯು ಪ್ರತಿವರ್ಷ ಪ್ರಕಟಿಸುತ್ತದೆ.