ಇಳಿಯೋರು ಮೊದಲು, ಹತ್ತೋರು ಆಮೇಲೆ



ನಂದಗಡದಿಂದ ಖಾನಾಪುರಕ್ಕೆ ಹೋಗಲು ದೋಣಿ ಬೇಕಿಲ್ಲ. ಬಸ್ಸು ಇದೆ. ಖಾನಾಪುರದಲ್ಲಿ ಮಲಪ್ರಭಾ ಹೊಳಿ ಇದೆ. ಹೊಳಿಗೆ ಸೇತುವೆ ಇದೆ. "ಹಂಗಾದ್ರ ದೋಣಿ ಪಾಠ ನಮಗ್ಯಾಕ್ರೀ ಟೀಚರ?" ಎಂದು ನೀವು ಕೇಳಬಹುದು.

ನಾವು ದೇವರಿಗೆ ಅಂತ, ಜಾತ್ರೆಗೆ ಅಂತ ದೂರ ಹೋಗುತ್ತೇವೆ. ಹಂಪಿಗೆ ಹೋಗುತ್ತೇವೆ. ಕಾರವಾರಕ್ಕೆ ಹೋಗುತ್ತೇವೆ. ಅಲ್ಲಿ ದೋಣಿ ಹತ್ತುವ ಪ್ರಸಂಗ ಬರುತ್ತದೆ. ಕೆಲವು ಸಲ ದೋಣಿಯೇ ಊರಿಗೆ ಬರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ದೊಡ್ಡ ನೆರೆ ಬಂತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹೊಳಿಗಳು ತುಂಬಿ ಹರಿದವು. ಎಷ್ಟೋ ಊರಿನ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಆದ್ದರಿಂದ ದೋಣಿ ಹತ್ತುವ ರೀತಿ ಎಲ್ಲರಿಗೂ ಗೊತ್ತಿರಬೇಕು.

ಘಾಟು ಎಂದರೆ ಹೊಳಿಯ ಬಾಗಿಲು

ದೋಣಿ ಬಂದು ನಿಲ್ಲುವ ಜಾಗಕ್ಕೆ ಘಾಟು ಎನ್ನುತ್ತಾರೆ. ಸಮುದ್ರದ ದಂಡೆಯ ಜನ ದಕ್ಕೆ ಎನ್ನುತ್ತಾರೆ. ಕೆಲವು ಕಡೆ ಮೆಟ್ಟಿಲು ಇರುತ್ತವೆ. ಕೆಲವು ಕಡೆ ನೀರಿನ ತನಕ ಇಳಿಜಾರು ಇರುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಶರಾವತಿ ಹೊಳಿ ಇದೆ. 1964ರಲ್ಲಿ ಅಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಹಿನ್ನೀರು ನಿಂತು ಊರು ಊರಿಗೆ ದಾರಿ ತಪ್ಪಿತು. ಸಿಗಂದೂರು ಚೌಡೇಶ್ವರಿ ದೇವಿಯ ದರ್ಶನಕ್ಕೆ ಹೋಗುವವರು ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದರು. ಲಾಂಚು ಎಂದರೆ ಚಪ್ಪಟೆಯಾದ ದೊಡ್ಡ ದೋಣಿ. ಜನ, ಬೈಕು, ಕಾರು, ಬಸ್ಸು ಎಲ್ಲವೂ ಅದನ್ನು ಹತ್ತುತ್ತಿದ್ದವು. 2025ರ ಜುಲೈ ತಿಂಗಳಲ್ಲಿ ಅಲ್ಲಿ ಸೇತುವೆ ಆಯಿತು.

ಅಲ್ಲಿ ಲಾಂಚು ಹತ್ತುವ ಜಾಗದ ಹೆಸರು ಹೊಳೆಬಾಗಿಲು. ಎಂಥ ಚೆಂದದ ಹೆಸರು! ಮನೆಯಲ್ಲಿ ನಾವು ಮಕ್ಕಳಿಗೆ ಏನು ಹೇಳುತ್ತೇವೆ? "ಹೊಸ್ತಿಲ ಮ್ಯಾಲ ಕೂಡಬ್ಯಾಡ, ಬಾಗಿಲಿಗೆ ಅಡ್ಡ ನಿಲ್ಲಬ್ಯಾಡ" ಎನ್ನುತ್ತೇವೆ. ಘಾಟಿಗೂ ಅದೇ ಮಾತು. ಒಳಗಿನವರು ಹೊರಗೆ ಬರಬೇಕು. ಆಮೇಲೆ ಹೊರಗಿನವರು ಒಳಗೆ ಹೋಗಬೇಕು.

ದೋಣಿ ಯಾಕೆ ವಾಲುತ್ತದೆ?

ಮನೆಯಲ್ಲಿ ಒಂದು ಪ್ರಯೋಗ ಮಾಡಿರಿ. ಬುಟ್ಟಿಯಷ್ಟು ಅಗಲದ ಪಾತ್ರೆಯಲ್ಲಿ ನೀರು ತುಂಬಿರಿ. ಅದರ ಮೇಲೆ ಒಂದು ತಾಟು ತೇಲಿ ಬಿಡಿರಿ. ತಾಟಿನ ನಡುವೆ ನಾಲ್ಕು ಸಣ್ಣ ಕಲ್ಲು ಇಡಿರಿ. ತಾಟು ತೇಲುತ್ತದೆ. ಈಗ ಅವೇ ನಾಲ್ಕು ಕಲ್ಲನ್ನು ಒಂದೇ ಬದಿಗೆ ಸರಿಸಿರಿ. ತಾಟು ವಾಲುತ್ತದೆ. ನೀರು ಒಳಗೆ ನುಗ್ಗುತ್ತದೆ.

ಕಲ್ಲು ಹೆಚ್ಚಾಗಲಿಲ್ಲ. ಒಂದು ಕಡೆ ಸೇರಿದವು, ಅಷ್ಟೇ. ದೋಣಿಯೂ ಹಾಗೆಯೇ. ಇಳಿಯುವವರು ಒಂದು ಬದಿಗೆ ನಿಂತಾಗಲೇ ಹತ್ತುವವರೂ ಅದೇ ಬದಿಗೆ ಕಾಲಿಟ್ಟರೆ ದೋಣಿ ವಾಲುತ್ತದೆ. ದಡದಲ್ಲೇ ಅಪಘಾತ ಆಗುತ್ತದೆ. ಹಾಗಾಗಿ ದಾರಿ ಬಿಡುವುದು ಬರೀ ಮರ್ಯಾದೆ ಅಲ್ಲ. ಅದು ಜೀವ ಕಾಯುವ ಕೆಲಸ.

ಬೋರ್ಡು ಓದಿರಿ, ತಲೆ ಎಣಿಸಿರಿ

ಒಂದು ಘಾಟಿನಲ್ಲಿ ಅತ್ತಿ, ಸೊಸಿ ಮತ್ತು ಮೂವರು ಮಕ್ಕಳು ನಿಂತಿದ್ದಾರೆ ಎಂದು ತಿಳಿಯಿರಿ. ದೋಣಿಯಲ್ಲಿ 18 ಜನ ಕೂತಿದ್ದಾರೆ. ದೋಣಿಯ ಮೇಲೆ "20 ಜನ" ಎಂದು ಬರೆದಿದೆ. ಅವರ ಮಾತು ಕೇಳಿರಿ.

ಅತ್ತಿ: ನಡಿಯವ್ವಾ ಲಗೂನ. ದೋಣಿ ಬಿಡಾಕತ್ತಾರ.

ಸೊಸಿ: ತಡೀರಿ ಅತ್ತೀ. ಇಲ್ಲಿ 20 ಅಂತ ಬರದಾರ. ಒಳಗ 18 ಮಂದಿ ಅದಾರ. ನಾವು 5 ಮಂದಿ. ಒಟ್ಟು 23 ಆಕ್ಕೈತಿ.

ಅತ್ತಿ: ಮಕ್ಕಳನ್ನೂ ಎಣಿಸ್ತಾರೇನ? ಅವನ್ನ ತೊಡಿ ಮ್ಯಾಲ ಕೂಡಿಸ್ಕೊಂಡ್ರ ಆತು.

ಸೊಸಿ: ತೊಡಿ ಮ್ಯಾಲ ಕೂಡಿಸಿದ್ರ ಭಾರ ಕಡಿಮಿ ಆಗ್ತೈತೇನ್ರಿ?

ಅತ್ತಿ: ಕಡೀ ಬಸ್ಸು ತಪ್ಪಿದ್ರ?

ಸೊಸಿ: ಬಸ್ಸು ನಾಳೆನೂ ಬರ್ತೈತಿ. ಜೀವ ಬರೂದಿಲ್ಲ.

ಅತ್ತಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ನೀ ಸಾಲಿ ಕಲ್ತಿದ್ದು ಛಲೋ ಆತು" ಎಂದರು. ಐದು ಜನರೂ ಮುಂದಿನ ದೋಣಿಗೆ ಕಾದರು.

ಈ ಸೊಸಿ ಮಾಡಿದ್ದು ಸಣ್ಣ ಕೆಲಸ ಅಲ್ಲ. ಎಲ್ಲರೂ "ಬರ್ರಿ, ಬರ್ರಿ, ಜಾಗ ಐತಿ" ಎಂದು ಕರೆಯುವಾಗ "ನಾವು ಒಲ್ಲೆವು" ಎನ್ನಲು ಧೈರ್ಯ ಬೇಕು. ಹಾಗೆ ಅಂದವರನ್ನು ಅಂಜುಬುರುಕಿ ಎಂದು ನಗಬಾರದು. ಯಾರಾದರೂ ಕಾಯುತ್ತೇನೆ ಎಂದರೆ ಅವರ ಸಂಗಡ ನಾವೂ ಕಾಯಬೇಕು.

ಕಾರವಾರದ ಹತ್ತಿರ ಸಮುದ್ರದಲ್ಲಿ ಕೂರ್ಮಗಡ ಎಂಬ ನಡುಗಡ್ಡೆ ಇದೆ. ಅಲ್ಲಿ ವರ್ಷಕ್ಕೊಮ್ಮೆ ನರಸಿಂಹ ದೇವರ ಜಾತ್ರೆ ಆಗುತ್ತದೆ. ಜನ ದೋಣಿಯಲ್ಲೇ ಹೋಗಬೇಕು. 2019ರ ಜನವರಿ 21ರಂದು ಜಾತ್ರೆಯ ಜನರಿದ್ದ ಒಂದು ದೋಣಿ ಮಗುಚಿತು. 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಸಮುದ್ರದ ತೆರೆ ನಮ್ಮ ಕೈಯಲ್ಲಿ ಇಲ್ಲ. ಸರತಿಯಲ್ಲಿ ನಿಲ್ಲುವುದು, ಜನರನ್ನು ಎಣಿಸುವುದು, ಜಾಕೆಟ್ ಹಾಕಿಕೊಳ್ಳುವುದು ನಮ್ಮ ಕೈಯಲ್ಲಿ ಇದೆ.

2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂತು. ಹೊಳಿ, ಹಿನ್ನೀರಿನಲ್ಲಿ ಓಡುವ ಯಂತ್ರದ ದೋಣಿಗೆ ತಪಾಸಣೆ ಆಗಿರಬೇಕು. ನೋಂದಣಿ ಆಗಿರಬೇಕು. ದೋಣಿಯ ಮೇಲೆ ಜನರ ಸಂಖ್ಯೆ ಕಾಣದಿದ್ದರೆ, "ಎಷ್ಟು ಮಂದಿ ಹತ್ತಬಹುದ್ರಿ ಅಣ್ಣಾರ?" ಎಂದು ಕೇಳಿರಿ. ಕೇಳುವುದು ತಪ್ಪಲ್ಲ.

ಘಾಟಿನಲ್ಲಿ ಹೇಗಿರಬೇಕು?

1. ಸರತಿಯಲ್ಲಿ ನಿಲ್ಲಿರಿ. ಹಿಂದಿನಿಂದ ನೂಕಬೇಡಿರಿ. ಇಳಿಜಾರಿನಲ್ಲಿ ಒಬ್ಬರು ಜಾರಿದರೆ ಮುಂದಿನ ನಾಲ್ಕು ಜನ ಬೀಳುತ್ತಾರೆ.

2. ಗಂಟು, ಚೀಲ, ಬುತ್ತಿ ಎಲ್ಲವನ್ನೂ ಮೊದಲೇ ಕಟ್ಟಿ ಇಟ್ಟುಕೊಳ್ಳಿರಿ. ರೊಕ್ಕವನ್ನೂ ಕೈಯಲ್ಲಿ ಹಿಡಿದುಕೊಳ್ಳಿರಿ. ದೋಣಿಯ ಬಾಯಲ್ಲಿ ನಿಂತು ಹುಡುಕಬೇಡಿರಿ.

3. ಗಂಟಿಗೂ ಭಾರ ಇದೆ. 50 ಕಿಲೋ ಅಕ್ಕಿ ಚೀಲ ಎಂದರೆ ಒಬ್ಬ ಮನುಷ್ಯನಷ್ಟು ಭಾರ.

4. ಬಸುರಿಯರು, ಮುದುಕರು, ಕೂಸು ಎತ್ತಿಕೊಂಡವರು, ಅಂಗವಿಕಲರು ಮೊದಲು ಹತ್ತಲಿ. ಅವರಿಗೆ ಕೈ ಕೊಡಿರಿ.

5. ಒಬ್ಬೊಬ್ಬರಾಗಿ ಹತ್ತಿರಿ. ದೋಣಿಯ ನಡುವೆ ಕಾಲಿಡಿರಿ. ಅಂಚಿನ ಮೇಲೆ ಕಾಲಿಡಬೇಡಿರಿ.

6. ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊಳ್ಳಿರಿ. ಕೊಡದಿದ್ದರೆ ಕೇಳಿರಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜಾಕೆಟ್ ಹಾಕಿ, ಪಟ್ಟಿ ಬಿಗಿಯಿರಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು.

7. ಹರಿಗೋಲು ದುಂಡಗೆ ಬುಟ್ಟಿಯ ಹಾಗೆ ಇರುತ್ತದೆ. ಅದರಲ್ಲಿ ಸುತ್ತಲೂ ಸಮನಾಗಿ ಕೂಡಿರಿ. ಫೋಟೋಕ್ಕೆ ಅಂತ ಎದ್ದು ನಿಲ್ಲಬೇಡಿರಿ.

8. ಇಳಿದ ಮೇಲೆ ಅಲ್ಲೇ ನಿಂತು ಮಾತಾಡಬೇಡಿರಿ. ಹಿಂದಿನವರಿಗೆ ದಾರಿ ಬಿಡಿರಿ.

9. ದೋಣಿ ನಿಲ್ಲುವ ಕಡೆ ಅರಿವೆ ಒಗೆಯಬೇಡಿರಿ. ಸಬಕಾರದ ನೀರು ಕಲ್ಲಿನ ಮೇಲೆ ಬಿದ್ದರೆ ಕಾಲು ಜಾರುತ್ತದೆ. ಊರ ಹೆಣ್ಣುಮಕ್ಕಳು ಪಕ್ಕದಲ್ಲಿ ಒಗೆಯುತ್ತಿದ್ದರೆ ಅವರ ಅರಿವೆ ತುಳಿಯದೆ ಹೋಗಿರಿ.

ದೋಣಿಯವರಿಗೂ ಮರ್ಯಾದೆ

ದೋಣಿ ನಡೆಸುವವರಿಗೆ ಅಂಬಿಗರು ಎನ್ನುತ್ತಾರೆ. ಹೊಳಿಯ ಆಳ, ಸೆಳವು ಅವರಿಗೆ ಗೊತ್ತು. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರದೂ ಇದೇ ಕಾಯಕ. ದೋಣಿಯವರನ್ನು "ಏ, ಬಾರೋ" ಎಂದು ಕರೆಯಬಾರದು. "ಅಣ್ಣಾರ", "ಕಾಕಾರ" ಎನ್ನಬೇಕು. "ಗಾಳಿ ಜೋರೈತಿ, ಈಗ ಬಿಡೂದಿಲ್ಲ" ಎಂದು ಅವರು ಹೇಳಿದರೆ ಜಗಳ ಮಾಡಬಾರದು. ಹೆಚ್ಚು ರೊಕ್ಕದ ಆಸೆ ತೋರಿಸಬಾರದು.

ನಂದಗಡದ ರಾಯಣ್ಣನ ಸಮಾಧಿಗೆ ಬೇರೆ ಊರಿನ ಜನ ಬರುತ್ತಾರೆ. ಅವರು ಅಲ್ಲಿ ಕಸ ಚೆಲ್ಲಿ ಹೋದರೆ ನಮಗೆ ಬೇಸರ ಆಗುವುದಿಲ್ಲವೇ? ಹಾಗೆಯೇ ಘಾಟು ಆ ಊರಿನವರ ಅಂಗಳ. ಎಲೆ, ಪ್ಲಾಸ್ಟಿಕ್ ಚೀಲ, ಹಳೆಯ ಅರಿವೆ ನೀರಿಗೆ ಬಿಡಬೇಡಿರಿ.

ಏನಾದರೂ ಅಪಾಯ ಆದರೆ 112ಕ್ಕೆ ಫೋನ್ ಮಾಡಿರಿ. ಈಜು ಬಾರದವರು ನೀರಿಗೆ ಹಾರಬೇಡಿರಿ. ಹಗ್ಗ, ಬಿದಿರು ಗಳ, ಇಲ್ಲವೇ ಸೀರೆಯನ್ನು ದಡದಿಂದಲೇ ಎಸೆದು ಎಳೆಯಿರಿ.

ಓದಿರಿ, ಬರೆಯಿರಿ

1. ದೋಣಿಯಲ್ಲಿ 12 ಜನ ಕೂಡಬಹುದು. 9 ಜನ ಕೂತಿದ್ದಾರೆ. ಇನ್ನು ಎಷ್ಟು ಜನ ಹತ್ತಬಹುದು?

2. ಸೊಸಿ ಯಾಕೆ ದೋಣಿ ಹತ್ತಲಿಲ್ಲ?

3. ಈ ಪದಗಳನ್ನು ಎರಡು ಸಲ ಬರೆಯಿರಿ: ಘಾಟು, ಸರತಿ, ಹಿನ್ನೀರು, ಅಂಬಿಗ.

ಮಾತಾಡಿರಿ

ಬಸ್ಸು ಹತ್ತುವಾಗ ನಮ್ಮೂರಲ್ಲಿ ಇಳಿಯುವವರಿಗೆ ದಾರಿ ಬಿಡುತ್ತೇವೆಯೇ? ಬಿಡದಿದ್ದರೆ ನಾಳೆಯಿಂದ ಯಾರು ಶುರು ಮಾಡುತ್ತೀರಿ?