ಸೂಚಿ ಮತ್ತು ಶುಚಿ

ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ದುಡಿಯುವ ಈಜಿಪ್ಟಿನ ರೈತರನ್ನು ಬಹುಕಾಲದಿಂದ ಪೀಡಿಸಿದುದು ಬಿಲ್ಹಾರ್ಜಿಯ ಎಂಬ ಕ್ರಿಮಿರೋಗ. ಇದನ್ನು ನೀಗುವ ಸಲುವಾಗಿ 1950ರ ದಶಕದಿಂದ 1980ರ ದಶಕದವರೆಗೆ ಅಲ್ಲಿನ ಹಳ್ಳಿಗಳಲ್ಲಿ ಆಂಟಿಮನಿಯ ಲವಣವನ್ನು ರಕ್ತನಾಳಕ್ಕೆ ಚುಚ್ಚುವ ಏರ್ಪಾಡು ನಡೆಯಿತು. ರೋಗಿಯೊಬ್ಬನಿಗೆ ಅನೇಕ ಸಲ ಚುಚ್ಚಬೇಕು. ಕಾದು ನಿಂತವರು ಅಸಂಖ್ಯರು. ಗಾಜಿನ ಸಿರಿಂಜುಗಳು ಕೆಲವೇ. ಒಬ್ಬನಿಗೆ ಬಳಸಿದುದನ್ನು ಅವಸರದಲ್ಲಿ ಕುದಿಸಿ ಮತ್ತೊಬ್ಬನಿಗೆ ಬಳಸಿದರು. ಕ್ರಿಮಿರೋಗವೇನೋ ತಗ್ಗಿತು, ಆದರೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಾಣು ಅದೇ ಸೂಜಿಯ ಮೂಲಕ ದೇಹದಿಂದ ದೇಹಕ್ಕೆ ದಾಟಿತು. 2008ರ ಸಮೀಕ್ಷೆಯಲ್ಲಿ 15ರಿಂದ 59 ವರ್ಷದವರ ಪೈಕಿ ನೂರಕ್ಕೆ ಸುಮಾರು 15 ಮಂದಿಯ ರಕ್ತದಲ್ಲಿ ಅದರ ಕುರುಹು ಕಂಡುಬಂದಿತು.

ಈ ಅನರ್ಥಕ್ಕೆ ವೈದ್ಯರ ದುರುದ್ದೇಶವು ಕಾರಣವಲ್ಲ. ಆ ವೈರಾಣುವನ್ನು ವಿಜ್ಞಾನಿಗಳು ಗುರುತಿಸಿದುದೇ 1989ರಲ್ಲಿ. ಶತ್ರುವಿನ ಹೆಸರು ತಿಳಿದ ಮೇಲೆ ಕವಚವನ್ನು ತೊಡುತ್ತೇವೆಂದರೆ ಆಗದು. ಆದುದರಿಂದಲೇ ರೋಗಿಯ ಮುಖಲಕ್ಷಣವನ್ನಾಗಲಿ, ಅಂತಸ್ತನ್ನಾಗಲಿ ನೋಡದೆ, ಎಲ್ಲರ ರಕ್ತವೂ ಸೋಂಕುಳ್ಳದ್ದೆಂದೇ ಭಾವಿಸಿ ನಡೆಯತಕ್ಕದ್ದೆಂಬ ಸಾರ್ವತ್ರಿಕ ನಿಯಮವನ್ನು 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ವಿಧಿಸಿತು. ಇದು ರೋಗಿಗೆ ಮಾಡುವ ಅವಮಾನವಲ್ಲ. ಎಲ್ಲರಿಗೂ ಒಂದೇ ಕ್ರಮವಿರುವಲ್ಲಿ ಯಾರೊಬ್ಬರೂ ಕಳಂಕಿತರಾಗುವುದಿಲ್ಲ.

ಸಂಸ್ಕೃತದಲ್ಲಿ ಸೂಚಿ ಎಂದರೆ ಸೂಜಿ. ಶುಚಿ ಎಂಬುದು ನಿರ್ಮಲತೆಯ ಮಾತು ಮಾತ್ರವಲ್ಲದೆ ಅಗ್ನಿಯ ಹೆಸರೂ ಹೌದು. ಮರಳಿ ಬಳಸುವ ಶಸ್ತ್ರಗಳನ್ನು ಚೆನ್ನಾಗಿ ತೊಳೆದು, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡುವ ಇಂದಿನ ಪದ್ಧತಿಗೆ ಈ ಪದವು ಚೆನ್ನಾಗಿ ಒಪ್ಪುತ್ತದೆ. ಚುಚ್ಚುಮದ್ದಿಗಾದರೋ ಒಬ್ಬರಿಗೆ ಒಂದೇ ಸೂಜಿ, ಒಂದೇ ಸಿರಿಂಜು. ಸೂಜಿಯನ್ನಷ್ಟೇ ಬದಲಿಸಿ ಸಿರಿಂಜನ್ನು ಉಳಿಸಿಕೊಳ್ಳುವುದು ಮಿತವ್ಯಯವಲ್ಲ, ಅಪರಾಧ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ತೊಡಿಸಲು ಹೋಗಿ ದಾದಿಯರು ಚುಚ್ಚಿಕೊಳ್ಳುವುದುಂಟು. ಕಸದಲ್ಲಿ ಅಡಗಿದ ಸೂಜಿಯು ಏನನ್ನೂ ಅರಿಯದ ಸೇವಕನ ಕೈಯನ್ನು ಚುಚ್ಚುತ್ತದೆ. ಮುಚ್ಚಳ ಹಾಕದೆ, ಕೂಡಲೇ, ತೂತಾಗದ ಪೆಟ್ಟಿಗೆಗೆ ಅದನ್ನು ಹಾಕಬೇಕು. ಲಸಿಕೆಯಿಲ್ಲದವನಿಗೆ ಇಂತಹ ಒಂದು ಚುಚ್ಚಿನಿಂದ ಹೆಪಟೈಟಿಸ್ ಬಿ ಅಂಟುವ ಸಂಭವ ನೂರಕ್ಕೆ 30ರವರೆಗೂ ಇದೆ. ಎಚ್‌ಐವಿಯದು ಸಾವಿರಕ್ಕೆ ಸುಮಾರು 3. ಜನರು ಅಂಜುವುದು ಎರಡನೆಯದಕ್ಕೆ! ಬಿ ಬಗೆಗೆ ಲಸಿಕೆಯಿದೆ. ಆಸ್ಪತ್ರೆಯ ಕಸ ತೆಗೆಯುವವರಿಗೂ ಅದು ಸಲ್ಲಬೇಕು. ಚುಚ್ಚಿದ ಗಾಯವನ್ನು ಹಿಂಡದೆ, ಬಾಯಿಗಿಡದೆ, ಸಾಬೂನು ನೀರಿನಿಂದ ತೊಳೆದು, ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕಾಗುತ್ತದೆ.